ಸೂರ್ಯನ ನೆರೆಮನೆಯ ಅಣ್ಣ

ನಮ್ಮ ಸೂರ್ಯನೂ ಒಂದು ನಕ್ಷತ್ರವೇ ಎಂಬ ಮಾತನ್ನು ಶಾಲೆಯ ಮಕ್ಕಳೆಲ್ಲರೂ ಬಾಯಿಪಾಠವಾಗಿ ಬಲ್ಲರು. ಆದರೆ ಅದನ್ನು ಮನಸಾರೆ ನಂಬುವುದು ಅಷ್ಟು ಸುಲಭವಲ್ಲ. ಹಗಲೆಲ್ಲ ಬೆವರಿಳಿಸುವ, ಅಂಗಳದ ಹಪ್ಪಳವನ್ನು ಒಣಗಿಸುವ ಈ ಉರಿಯ ಗೋಳಕ್ಕೂ ಇರುಳಿನಲ್ಲಿ ಮಿನುಗುವ ಚುಕ್ಕೆಗೂ ಏನು ಸಂಬಂಧ? ‘ದೂರದಲ್ಲಿರುವುದರಿಂದ ಚಿಕ್ಕದಾಗಿ ಕಾಣುತ್ತದೆ’ ಎಂದು ಪಠ್ಯಪುಸ್ತಕ ಒಂದೇ ವಾಕ್ಯದಲ್ಲಿ ಉತ್ತರವೀಯುತ್ತದೆ. ಆ ವಾಕ್ಯ ಸುಳ್ಳಲ್ಲ, ಆದರೆ ಸಾಲದು. ಎಷ್ಟು ದೂರ, ಎಷ್ಟು ತೂಕ, ಎಷ್ಟು ಗಾತ್ರ, ಎಷ್ಟು ಬಿಸಿ ಎಂದು ಅಳೆದು ತೋರಿಸಿದಾಗಲೇ ಸಂಶಯ ತೀರುವುದು. ಹಾಗೆ ಅಳೆದು ತೋರಿಸಲು ಅತ್ಯಂತ ಯೋಗ್ಯವಾದುದು ದಕ್ಷಿಣದ ಆಕಾಶದಲ್ಲಿರುವ ಆಲ್ಫಾ ಸೆಂಟಾರಿ.

ಬರಿಗಣ್ಣಿಗೆ ಇದು ಒಂದೇ ನಕ್ಷತ್ರ. ಇರುಳಿನ ಆಕಾಶದಲ್ಲಿ ಲುಬ್ಧಕ ಮತ್ತು ಅಗಸ್ತ್ಯರನ್ನು ಬಿಟ್ಟರೆ ಇದಕ್ಕಿಂತ ಪ್ರಕಾಶಮಾನವಾದ ನಕ್ಷತ್ರ ಬೇರೆ ಇಲ್ಲ. ದೂರದರ್ಶಕದಲ್ಲಿ ನೋಡಿದರೆ ಮಾತ್ರ ಇದು ಜೋಡಿ ಎಂದು ತಿಳಿಯುತ್ತದೆ. ಈ ಸಂಗತಿ ಮೊದಲು ಹೊರಬಿದ್ದದ್ದು ನಮ್ಮ ದಕ್ಷಿಣ ಭಾರತದ ನೆಲದಿಂದಲೇ ಎಂಬುದು ವಾಚಕರಿಗೆ ಸಂತೋಷವನ್ನುಂಟುಮಾಡಬಹುದು. 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿದ್ದ ಫ್ರೆಂಚ್ ಪಾದ್ರಿ ಜಾನ್ ರಿಶೋ ಎಂಬವರು ಧೂಮಕೇತುವೊಂದನ್ನು ವೀಕ್ಷಿಸುತ್ತಿದ್ದಾಗ ಈ ನಕ್ಷತ್ರ ಎರಡಾಗಿರುವುದನ್ನು ಕಂಡರು. ಈ ಜೋಡಿಯಲ್ಲಿ ದೊಡ್ಡದನ್ನು ‘ಎ’ ಎಂದೂ ಚಿಕ್ಕದನ್ನು ‘ಬಿ’ ಎಂದೂ ಕರೆಯುತ್ತಾರೆ. ಇವುಗಳಿಂದ ಬಹುದೂರದಲ್ಲಿ ಪ್ರಾಕ್ಸಿಮಾ ಎಂಬ ಮಂಕಾದ ಮೂರನೆಯ ಸಂಗಾತಿಯೂ ಇದೆ. ಅದನ್ನು 1915ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದ ರಾಬರ್ಟ್ ಇನ್ನೆಸ್ ಪತ್ತೆಹಚ್ಚಿದರು. ಈ ಮೂವರಲ್ಲಿ ನಮ್ಮ ಸೂರ್ಯನನ್ನು ಬಹುವಾಗಿ ಹೋಲುವುದು ‘ಎ’. ಅದರ ಕಥೆಯೇ ಈ ಲೇಖನದ ವಸ್ತು.

ಮೊದಲು ದೂರ. ಕೈಯನ್ನು ಮುಂದೆ ಚಾಚಿ ಹೆಬ್ಬೆರಳನ್ನು ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ನೋಡಿದರೆ ಬೆರಳು ಪಕ್ಕಕ್ಕೆ ಸರಿದಂತೆ ತೋರುತ್ತದೆ. ಭೂಮಿಯು ಸೂರ್ಯನ ಸುತ್ತ ತಿರುಗುವಾಗ ಹತ್ತಿರದ ನಕ್ಷತ್ರಗಳೂ ಹಾಗೆಯೇ ಸರಿದಂತೆ ಕಾಣುತ್ತವೆ. ಆ ಸರಿತ ಎಷ್ಟೆಂದು ಅಳೆದರೆ ದೂರ ದೊರೆಯುತ್ತದೆ. ಥಾಮಸ್ ಹೆಂಡರ್‌ಸನ್ ಎಂಬವರು ಆಫ್ರಿಕದ ಗುಡ್‌ಹೋಪ್ ಭೂಶಿರದಲ್ಲಿದ್ದು ಮಾಡಿದ ಅಳತೆಗಳ ಫಲವನ್ನು 1839ರಲ್ಲಿ ಪ್ರಕಟಿಸಿದರು. ಇಂದಿನ ಅಳತೆಯಂತೆ ಈ ಕೋನ ಒಂದು ಸೆಕೆಂಡಿನ ಮುಕ್ಕಾಲು ಭಾಗ ಮಾತ್ರ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಸುಮಾರು 7 ಕಿಲೋಮೀಟರ್ ದೂರದಿಂದ ನೋಡಿದರೆ ಎಷ್ಟು ಕಾಣಬೇಕೋ ಅಷ್ಟು! ಇದರಿಂದ ತಿಳಿದ ದೂರ ಸುಮಾರು 41 ಲಕ್ಷ ಕೋಟಿ ಕಿಲೋಮೀಟರ್, ಅಂದರೆ 4.3 ಜ್ಯೋತಿರ್ವರ್ಷಗಳಿಗೆ ತುಸು ಹೆಚ್ಚು. ಈಗ ಐದನೆಯ ತರಗತಿಯಲ್ಲಿ ಓದುತ್ತಿರುವ ಬಾಲಕ ಒಂದನೆಯ ತರಗತಿಗೆ ಸೇರಿದ್ದ ದಿನಗಳಲ್ಲಿ ಹೊರಟ ಬೆಳಕು ಇಂದು ಅವನ ಕಣ್ಣನ್ನು ಮುಟ್ಟುತ್ತಿದೆ.

ಇನ್ನು ತೂಕ. ನಕ್ಷತ್ರವನ್ನು ತೂಗುವ ತಕ್ಕಡಿ ಎಲ್ಲಿದೆ? ಅದರ ಜೊತೆಗಾರನೇ ತಕ್ಕಡಿ. ‘ಎ’ ಮತ್ತು ‘ಬಿ’ ಒಂದನ್ನೊಂದು ಸುಮಾರು 80 ವರ್ಷಗಳಿಗೊಮ್ಮೆ ಸುತ್ತುತ್ತವೆ. ಭೂಮಿಗೂ ಸೂರ್ಯನಿಗೂ ಇರುವ ಅಂತರವನ್ನು 1 ಎಂದು ಹಿಡಿದರೆ ಇವುಗಳ ಅಂತರ ಸುಮಾರು 11ರಿಂದ 36ರವರೆಗೆ ಹಿಗ್ಗಿ ಕುಗ್ಗುತ್ತದೆ, ಸರಾಸರಿ 23.3. ಗ್ರಹಗಳ ಚಲನೆಗಾಗಿ ಕೆಪ್ಲರ್ ಕಂಡುಹಿಡಿದು ನ್ಯೂಟನ್ ವಿಸ್ತರಿಸಿದ ನಿಯಮವನ್ನು ಇಲ್ಲಿಗೂ ಅನ್ವಯಿಸಬಹುದು. ಸರಾಸರಿ ದೂರದ ಘನವನ್ನು ಕಾಲದ ವರ್ಗದಿಂದ ಭಾಗಿಸಬೇಕು. 23.3ರ ಘನ ಸುಮಾರು 12,650. 80ರ ವರ್ಗ 6,400. ಭಾಗಿಸಿದರೆ ಹೆಚ್ಚುಕಡಿಮೆ 2. ಅಂದರೆ ಇಬ್ಬರ ಒಟ್ಟು ತೂಕ ಎರಡು ಸೂರ್ಯರಷ್ಟು! ಪ್ರೌಢಶಾಲೆಯ ಹುಡುಗಿಯೊಬ್ಬಳು ಸ್ಲೇಟಿನ ಮೇಲೆ ಮಾಡಬಹುದಾದ ಲೆಕ್ಕವಿದು. ಇಬ್ಬರಲ್ಲಿ ಯಾರ ಸುತ್ತಾಟ ದೊಡ್ಡದೋ ಅವರು ಹಗುರ. ಹೀಗೆ ಪಾಲು ಮಾಡಿದಾಗ ‘ಎ’ಯ ತೂಕ ಸೂರ್ಯನ 1.08 ಪಟ್ಟು, ‘ಬಿ’ಯದು 0.91 ಪಟ್ಟು ಎಂದು ತಿಳಿದಿದೆ.

ಗಾತ್ರವನ್ನು ನೇರವಾಗಿಯೇ ಅಳೆದಿದ್ದಾರೆ. ಚಿಲಿ ದೇಶದ ಪರನಾಲ್ ಬೆಟ್ಟದ ಮೇಲಿನ ದೂರದರ್ಶಕಗಳನ್ನು ಒಂದುಗೂಡಿಸಿ ಮಾಡಿದ, 2003ರಲ್ಲಿ ಪ್ರಕಟವಾದ ಅಳತೆಯಂತೆ ‘ಎ’ಯ ವ್ಯಾಸ ಸೂರ್ಯನ ವ್ಯಾಸದ 1.22 ಪಟ್ಟು, ಅಂದರೆ ಸುಮಾರು 17 ಲಕ್ಷ ಕಿಲೋಮೀಟರ್. ಬಿಸಿಯನ್ನು ತಿಳಿಸುವುದು ಬಣ್ಣ. ಕುಲುಮೆಯಲ್ಲಿ ಕಾಯುವ ಕಬ್ಬಿಣ ಮೊದಲು ಕೆಂಪಾಗಿ, ಬಳಿಕ ಹಳದಿಯಾಗಿ ಹೊಳೆಯುವುದನ್ನು ಕಮ್ಮಾರನ ಮನೆಯಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಎ’ಯ ಮೇಲ್ಮೈ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ನಮ್ಮ ಸೂರ್ಯನದೂ ಅಷ್ಟೇ. ಬಿಸಿ ಸಮವಾದರೆ ಬೆಳಕಿನ ಪ್ರಮಾಣ ಮೇಲ್ಮೈಯ ವಿಸ್ತಾರವನ್ನು ಅವಲಂಬಿಸುತ್ತದೆ. 1.22ನ್ನು 1.22ರಿಂದ ಗುಣಿಸಿ ನೋಡಿರಿ, ಸುಮಾರು ಒಂದೂವರೆ ಬರುತ್ತದೆ. ‘ಎ’ ಸೂರ್ಯನ ಒಂದೂವರೆ ಪಟ್ಟು ಬೆಳಕನ್ನು ಚೆಲ್ಲುತ್ತದೆಂದು ವೀಕ್ಷಣೆಯೂ ಹೇಳುತ್ತದೆ. ಒಂದು ಅಳತೆಗೆ ಇನ್ನೊಂದು ಅಳತೆ ಸಾಕ್ಷಿ ನುಡಿಯುವುದೆಂದರೆ ಹೀಗೆ.

ಈ ನೆರೆಯವನನ್ನು ನಾವು ಅಣ್ಣನೆಂದು ಕರೆದುದಕ್ಕೆ ಕಾರಣವಿದೆ. ಸೂರ್ಯನಿಗೆ ಸುಮಾರು 460 ಕೋಟಿ ವರ್ಷ ವಯಸ್ಸು. ಆಲ್ಫಾ ಸೆಂಟಾರಿಗೆ 500ರಿಂದ 600 ಕೋಟಿ ಇರಬಹುದೆಂದು ಅಂದಾಜು. ನಕ್ಷತ್ರದ ಒಡಲಲ್ಲಿ ಜಲಜನಕ ಹೀಲಿಯಮ್ಮಾಗುತ್ತ ಹೋದಂತೆ ಅದು ನಿಧಾನವಾಗಿ ಹಿಗ್ಗುತ್ತದೆ, ಹೆಚ್ಚು ಹೆಚ್ಚು ಬೆಳಗುತ್ತದೆ. ತೂಕ ತುಸು ಹೆಚ್ಚಾದರೂ ಈ ಉರಿಯುವಿಕೆ ಬಹಳ ಬೇಗ ಸಾಗುತ್ತದೆ. ‘ಎ’ಯಲ್ಲಿ ಈ ಎರಡು ಕಾರಣಗಳೂ ಕೂಡಿವೆ. ನಮ್ಮ ಸೂರ್ಯನೂ ಇದೇ ದಾರಿಯಲ್ಲಿದ್ದಾನೆ. ನೂರು ಕೋಟಿ ವರ್ಷಗಳಿಗೆ ಅವನ ಬೆಳಕು ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಆಗ ಭೂಮಿಯ ಕಡಲುಗಳು ಉಳಿಯುವುದು ಕಷ್ಟವೆಂದು ವಿಜ್ಞಾನಿಗಳ ಮತ. ತಮ್ಮನು ಮುಂದೆ ಹೇಗಾದಾನೆಂಬುದನ್ನು ಅಣ್ಣನ ಮುಖದಲ್ಲಿ ಓದಬಹುದು. ದೂರದ ನಕ್ಷತ್ರವನ್ನು ಅಳೆಯುವುದರ ಪ್ರಯೋಜನವೇನು ಎಂದು ಕೇಳುವವರಿಗೆ ಇದೇ ನಮ್ಮ ಉತ್ತರ.

ಅಲ್ಲಿ ನಮ್ಮಂಥ ಲೋಕವಿದೆಯೇ? ಭೂಮಿಗೆ ದೊರೆಯುವಷ್ಟೇ ಬಿಸಿಲು ದೊರೆಯಬೇಕಾದರೆ ‘ಎ’ಯಿಂದ ನಮ್ಮ ದೂರದ 1.23 ಪಟ್ಟು ದೂರದಲ್ಲಿ ಗ್ರಹವೊಂದಿರಬೇಕು. 2024ರ ಆಗಸ್ಟಿನಲ್ಲಿ ಜೇಮ್ಸ್ ವೆಬ್ ದೂರದರ್ಶಕವು ‘ಎ’ಯ ಸಮೀಪದಲ್ಲಿ ಒಂದು ಮಂದವಾದ ಚುಕ್ಕೆಯನ್ನು ಕಂಡಿತು. ಅದು ಶನಿಗ್ರಹದಷ್ಟು ತೂಕದ ಅನಿಲಗೋಳವಿರಬಹುದೆಂದು 2025ರ ಆಗಸ್ಟಿನಲ್ಲಿ ಪ್ರಕಟಿಸಿದರು. ಆದರೆ 2025ರ ಫೆಬ್ರವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ನೋಡಿದಾಗ ಆ ಚುಕ್ಕೆ ಕಂಡಿರಲಿಲ್ಲ. ತನ್ನ ಪಥದಲ್ಲಿ ನಕ್ಷತ್ರಕ್ಕೆ ತೀರ ಹತ್ತಿರ ಸರಿದು ಮರೆಯಾಗಿದ್ದಿರಬಹುದು. ಆದುದರಿಂದ ಕಂಡುಹಿಡಿದವರೇ ಅದನ್ನು ‘ಗ್ರಹ’ ಎನ್ನದೆ ‘ಗ್ರಹವೆನಿಸಬಹುದಾದುದು’ ಎಂದಷ್ಟೇ ಹೇಳಿದ್ದಾರೆ. ವಿಜ್ಞಾನದ ಈ ಸಂಯಮವನ್ನೂ ಮಕ್ಕಳು ಕಲಿಯಬೇಕು.

ಈ ನಕ್ಷತ್ರವನ್ನು ನೋಡುವ ಭಾಗ್ಯ ದೇಶದ ಎಲ್ಲರಿಗೂ ಸಮವಾಗಿಲ್ಲ. ದೆಹಲಿಯಲ್ಲಿ ಇದು ದಿಗಂತವನ್ನು ಒರಸಿಕೊಂಡು ಹೋಗುತ್ತದೆ. ಸೊಲ್ಲಾಪುರದಲ್ಲಿ ಸುಮಾರು 11 ಡಿಗ್ರಿ, ಕಾಸರಗೋಡಿನಲ್ಲಿ 16, ತಾಳವಾಡಿ ಮತ್ತು ನೀಲಗಿರಿಯಲ್ಲಿ 17 ಡಿಗ್ರಿಯಷ್ಟು ಮೇಲೇರುತ್ತದೆ. ಚಾಚಿದ ಕೈಯ ಮುಷ್ಟಿಯೊಂದು ಸುಮಾರು 10 ಡಿಗ್ರಿ ಎಂದು ನೆನಪಿಟ್ಟರೆ ಸಾಕು. ಮೇ ತಿಂಗಳ ನಡುವೆ ರಾತ್ರಿ ಹನ್ನೊಂದೂವರೆಗೆ, ಕೊನೆಯ ವಾರದಲ್ಲಿ ಹತ್ತೂವರೆಗೆ, ನೇರ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿರಿ. ತಗ್ಗಿನಲ್ಲಿ ಅಕ್ಕಪಕ್ಕ ಎರಡು ಉಜ್ವಲ ನಕ್ಷತ್ರಗಳು ಕಾಣುತ್ತವೆ. ಅವುಗಳ ಬಲಕ್ಕೆ ಶಿಲುಬೆಯಾಕಾರದ ತ್ರಿಶಂಕು. ಆ ಎರಡರಲ್ಲಿ ಎಡಗಡೆಯದೇ ಆಲ್ಫಾ ಸೆಂಟಾರಿ. ಕಾಸರಗೋಡಿನ ಕಡೆಯವರು ಮುಂಗಾರಿನ ಮೋಡ ಕವಿಯುವ ಮುನ್ನವೇ ನೋಡಿಬಿಡುವುದು ಲೇಸು. ಗುಡ್ಡವೂ ತೆಂಗಿನ ತೋಟವೂ ಅಡ್ಡಬಾರದಂಥ ಬಯಲನ್ನು ಆರಿಸಿಕೊಳ್ಳಿರಿ. ಬೇಸಿಗೆಯ ರಜೆಯಾದ್ದರಿಂದ ಮಕ್ಕಳು ಒಂದಿಷ್ಟು ಹೊತ್ತು ಎಚ್ಚರವಿದ್ದರೆ ನಷ್ಟವಿಲ್ಲ.