ಕೈಯ ನೋವು, ಖಾತೆಯ ಲೆಕ್ಕ

ಇಟಲಿಯ ವೈದ್ಯ ಬೆರ್ನಾರ್ದಿನೊ ರಾಮಜ್ಜೀನಿ ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. 1713ರ ಆವೃತ್ತಿಯಲ್ಲಿ ಬರಹಗಾರರ ವಿಷಯವನ್ನೂ ಸೇರಿಸಿದನು. ಅವನು ಬಲ್ಲ ಒಬ್ಬ ಪತ್ರಬರಹಗಾರನಿಗೆ ಜೀವಮಾನವಿಡೀ ಬರೆದು ಬರೆದು ಬಲಗೈ ಸೋತುಹೋಯಿತಂತೆ. ಆತ ಎಡಗೈಯಿಂದ ಬರೆಯಲು ಕಲಿತನು. ಕೆಲಕಾಲದಲ್ಲಿಯೇ ಅದಕ್ಕೂ ಅದೇ ಗತಿಯಾಯಿತು.

ಒಂದೇ ಚಲನೆಯನ್ನು ದಿನವಿಡೀ ಸಾವಿರಾರು ಸಲ ಮಾಡುವಾಗ ಸ್ನಾಯುಗಳಿಗೆ ಚೇತರಿಸಿಕೊಳ್ಳಲು ಬಿಡುವು ದೊರೆಯದೆ ಹುಟ್ಟುವ ಈ ನೋವು, ಇಂದು ಕಂಪ್ಯೂಟರಿನ ಮುಂದೆ ಕುಳಿತವರನ್ನೂ ಕಾರ್ಖಾನೆಯಲ್ಲಿ ದುಡಿಯುವವರನ್ನೂ ಕಾಡುತ್ತಿದೆ. ಇದನ್ನು ತಡೆಯುವ ಉಪಾಯಗಳೇನೂ ಗೂಢವಲ್ಲ. ಮೈಗೊಪ್ಪುವ ಎತ್ತರದ ಮೇಜು, ನಡುನಡುವೆ ವಿರಾಮ, ಆಗಾಗ ಕೆಲಸದ ಬದಲಾವಣೆ, ಇಷ್ಟೆ. ಆದರೆ ಇವಕ್ಕೆ ಹಣ ಬೇಕು. ಹಾಕಿದ ಹಣ ಹಿಂದಿರುಗುವುದೆ?

ಈ ಪ್ರಶ್ನೆಯನ್ನು ಒಂದು ದೇಶವೇ ತಕ್ಕಡಿಗೆ ಹಾಕಿ ತೂಗಿದ್ದುಂಟು. ಅಮೆರಿಕದ ಕಾರ್ಮಿಕ ಇಲಾಖೆಯು 2000ದ ನವೆಂಬರಿನಲ್ಲಿ ಇಂಥ ನೋವುಗಳನ್ನು ತಡೆಯಬೇಕೆಂದು ಮಾಲೀಕರಿಗೆ ನಿಯಮವೊಂದನ್ನು ವಿಧಿಸಿತು. ವರ್ಷಕ್ಕೆ ವೆಚ್ಚ 450 ಕೋಟಿ ಡಾಲರು, ಲಾಭ 910 ಕೋಟಿ ಡಾಲರು ಎಂಬುದು ಇಲಾಖೆಯ ಅಂದಾಜು. ವೆಚ್ಚ ಇದರ ಹಲವು ಪಟ್ಟಾಗುವುದೆಂದು ಮಾಲೀಕರ ಸಂಘಗಳು ವಾದಿಸಿದವು. 2001ರ ಮಾರ್ಚಿನಲ್ಲಿ ಸೆನೆಟ್ 56ಕ್ಕೆ 44, ಪ್ರತಿನಿಧಿ ಸಭೆ 223ಕ್ಕೆ 206 ಮತಗಳಿಂದ ಅದನ್ನು ತಳ್ಳಿಹಾಕಿದವು. ಅಧ್ಯಕ್ಷರ ಅಂಕಿತವೂ ಬಿದ್ದು ನಿಯಮ ರದ್ದಾಯಿತು.

ವಿರೋಧಿಸಿದವರೆಲ್ಲ ಕಠಿಣಹೃದಯರೆಂದು ಬಗೆಯಬೇಕಾಗಿಲ್ಲ. ಕೊಂಡ ಮೇಜಿಗೆ ರಸೀತಿಯುಂಟು; ಬಾರದೆ ಹೋದ ನೋವಿಗೆ ರಸೀತಿಯೆಲ್ಲಿಯದು? ಅಲ್ಲದೆ ವೆಚ್ಚವೆಲ್ಲ ಮಾಲೀಕನ ಖಾತೆಗೆ ಬೀಳುತ್ತದೆ. ಪಳಗಿದ ಕೈ ಉಳಿಯಿತೆಂಬ ಲಾಭ ಅವನಿಗೂ ಇದೆಯಾದರೂ, ನೋವಿಲ್ಲದ ನಿದ್ದೆ, ಕೂಸನ್ನೆತ್ತಿಕೊಳ್ಳುವ ಶಕ್ತಿ ದುಡಿಯುವವನ ಮನೆಯ ಲಾಭ. ಅದನ್ನು ಅಂಕಿಗಳಲ್ಲಿ ಬರೆಯುವುದು ಹೇಗೆ?

ಮಾಲೀಕನ ಖಾತೆಯೇ ತಲುಪದ ದುಡಿಮೆಯೂ ಇದೆ. ನಮ್ಮ ದಕ್ಷಿಣ ಕನ್ನಡದಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಹೆಂಗಸಿಗೆ ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಅವಳು ಕೈಗೆ ಒಂದು ಗಳಿಗೆ ವಿಶ್ರಾಂತಿ ಕೊಟ್ಟರೆ ಆ ವೆಚ್ಚ ಅವಳದೇ. ಕೊಡದೆ ಕೈ ಸೋತರೆ ಆ ನಷ್ಟವೂ ಅವಳದೇ.

ಆದುದರಿಂದ ಎಷ್ಟು ವೆಚ್ಚ, ಎಷ್ಟು ಲಾಭ ಎಂದು ಕೇಳುವಾಗಲೇ ಯಾರ ವೆಚ್ಚ, ಯಾರ ಲಾಭ ಎಂದೂ ಕೇಳಬೇಕು. ಯಂತ್ರದ ಭಾಗ ಸವೆದರೆ ಬೇರೊಂದನ್ನು ಕೊಂಡು ಜೋಡಿಸಬಹುದು. ಆ ಪತ್ರಬರಹಗಾರನಿಗೆ ಬದಲಿಯೆಂದು ಇದ್ದುದು ಎಡಗೈ ಒಂದೇ.