ಯೂರಿಯಾ ಎರಚಿದ ಮೇಲೆ ಪೈರು ಉಣ್ಣುವುದೆಷ್ಟು?

ಮಂಡ್ಯ ಕಡೆಯ ಗದ್ದೆಬಯಲಿನಲ್ಲಿ ನಾಟಿಯಾಗಿ ಇಪ್ಪತ್ತು ದಿನ ಕಳೆಯಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: 'ಮೇಲುಗೊಬ್ಬರ ಕೊಟ್ರಾ?' ಪಕ್ಕದವರ ಗದ್ದೆ ಕಡುಹಸಿರಾಗಿ ಕಂಡರೆ ನಮ್ಮದು ಸೊರಗಿದಂತೆ ಅನಿಸುತ್ತದೆ. ಸಂಜೆಯೊಳಗೆ ಇನ್ನರ್ಧ ಚೀಲ ಯೂರಿಯಾ ಬೀಳುತ್ತದೆ. ನಾಲ್ಕೈದು ದಿನದಲ್ಲಿ ಪೈರು ಕಪ್ಪೇರುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ. ಆ ಬಣ್ಣದ ಮೇಲೆ ನಾವಿಟ್ಟಿರುವ ನಂಬಿಕೆ ಅತಿಯಾಯಿತು ಎಂಬುದು ನನ್ನ ಅನಿಸಿಕೆ.

ಮೊದಲು ಲೆಕ್ಕ ನೋಡೋಣ. ಕಾವೇರಿ ಬಯಲಿನ ಭತ್ತಕ್ಕೆ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ 100 ಕೆಜಿ ಸಾರಜನಕ, ಅಂದರೆ ಎಕರೆಗೆ 40 ಕೆಜಿ. ಯೂರಿಯಾದಲ್ಲಿ ಸಾರಜನಕ ಶೇ 46ರಷ್ಟಿದೆ. 45 ಕೆಜಿ ಚೀಲವೊಂದರಲ್ಲಿ ಇಪ್ಪತ್ತು ಕೆಜಿ ಚಿಲ್ಲರೆ ಸಿಗುತ್ತದೆ. ಎಕರೆಗೆ ಎರಡು ಚೀಲ ಧಾರಾಳವಾಯಿತು; ಸಾರಜನಕವೂ ಇರುವ ಡಿಎಪಿ ಹಾಕಿದ್ದರೆ ಅದಕ್ಕಿಂತಲೂ ಕಡಿಮೆ ಸಾಕು. ಆದರೆ ನೀರು ನಿಂತ ಗದ್ದೆಯಲ್ಲಿ ಈ ಸಾರಜನಕದ ಪೈಕಿ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಶೇ 30ರಿಂದ 40 ಅಷ್ಟೇ.

ಉಳಿದದ್ದು ಎಲ್ಲಿ ಹೋಯಿತು? ಯೂರಿಯಾ ಕಾಳನ್ನು ಬೇರು ಹಾಗೆಹಾಗೇ ಹೀರುವುದು ತೀರಾ ಕಡಿಮೆ. ಮಣ್ಣಿನ ಜೀವಾಣುಗಳ ಯೂರಿಯೇಸ್ ಎಂಬ ಕಿಣ್ವ ಅದನ್ನು ಕೆಲವೇ ದಿನಗಳಲ್ಲಿ ಒಡೆದು ಅಮೋನಿಯಂ ಮಾಡುತ್ತದೆ. ಭತ್ತದ ಬೇರಿಗೆ ಬೇಕಾದ ಮುಖ್ಯ ಆಹಾರ ಅದೇ. ಆದರೆ ಮಟಮಟ ಮಧ್ಯಾಹ್ನ ಗದ್ದೆಯ ನೀರನ್ನು ಗಮನಿಸಿ. ಮೇಲೆ ಹಸಿರು ಪಾಚಿ ಹಬ್ಬಿರುತ್ತದೆ. ಬಿಸಿಲಲ್ಲಿ ಆ ಪಾಚಿ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ನೀರಿನ ಕ್ಷಾರತೆ ಏರುತ್ತದೆ. ಆಗ ಅಮೋನಿಯಂ ಅಮೋನಿಯಾ ಅನಿಲವಾಗಿ ಗಾಳಿಗೆ ಹಾರಿಹೋಗುತ್ತದೆ. ದುಡ್ಡು ಕೊಟ್ಟು ತಂದ ಗೊಬ್ಬರ ಕಣ್ಣಿಗೆ ಕಾಣದಂತೆ ಆವಿಯಾಗುವುದು ಹೀಗೆ.

ಇನ್ನೊಂದು ಸೋರಿಕೆ ಕೆಸರಿನೊಳಗೇ ನಡೆಯುತ್ತದೆ. ಗದ್ದೆಯ ಮಣ್ಣಿನ ಮೇಲ್ಪದರ ಕೆಲವೇ ಮಿಲಿಮೀಟರ್ ದಪ್ಪ; ಆಮ್ಲಜನಕ ಅಲ್ಲಿಗೆ ಮಾತ್ರ ತಲುಪುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ನೀರಿನೊಂದಿಗೆ ಕೆಳಗಿಳಿದರೆ ಅಲ್ಲಿ ಉಸಿರಿಗೆ ಗಾಳಿಯಿಲ್ಲದೆ ಒದ್ದಾಡುವ ಬೇರೆ ಬ್ಯಾಕ್ಟೀರಿಯಾಗಳಿವೆ. ಅವು ನೈಟ್ರೇಟಿನ ಆಮ್ಲಜನಕವನ್ನು ಬಳಸಿಕೊಂಡು ಸಾರಜನಕವನ್ನು ಮತ್ತೆ ಅನಿಲವಾಗಿ ಬಿಟ್ಟುಬಿಡುತ್ತವೆ. ಅದರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್. ನೂರು ವರ್ಷಗಳ ಲೆಕ್ಕದಲ್ಲಿ ಅದು ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು. ಗದ್ದೆಯನ್ನು ಒಣಗಿಸಿ ನೀರು ಕಟ್ಟಿ, ಮತ್ತೆ ಒಣಗಿಸಿದಾಗಲೆಲ್ಲ ಈ ಸೋರಿಕೆಗೆ ದಾರಿಯಾಗುತ್ತದೆ.

ಬೇರು ಸೇರಿದ ಪಾಲಿನ ಕಥೆ ನನಗೆ ಇದಕ್ಕಿಂತ ಸೋಜಿಗ. ಅಮೋನಿಯಂ ಜೀವಕೋಶದಲ್ಲಿ ಹೆಚ್ಚು ಶೇಖರವಾದರೆ ವಿಷ. ಹಾಗಾಗಿ ಒಳಗೆ ಬಂದ ಕೂಡಲೇ ಬೇರಿನಲ್ಲೇ ಅದನ್ನು ಗ್ಲುಟಮೇಟಿಗೆ ಜೋಡಿಸಿ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಮಾಡಿ ಮೇಲಕ್ಕೆ ಕಳಿಸಲಾಗುತ್ತದೆ. ಈ ಕೆಲಸಕ್ಕೆ ಬೇಕಾದ ಇಂಗಾಲ ಮತ್ತು ಶಕ್ತಿ ಎಲೆಯಿಂದ ಇಳಿದುಬರುವ ಸಕ್ಕರೆಯದು. ರಾಗಿ, ಜೋಳದಂಥ ಹೊಲದ ಬೆಳೆಗಳಿಗೆ ಸಿಗುವುದು ಹೆಚ್ಚಾಗಿ ನೈಟ್ರೇಟ್. ಅದನ್ನು ಮತ್ತೆ ಅಮೋನಿಯಂ ಮಾಡಿಕೊಳ್ಳಲು ಗಿಡ ಇನ್ನಷ್ಟು ಶಕ್ತಿ ತೆರಬೇಕು. ಒಟ್ಟಿನಲ್ಲಿ ಬಿಸಿಲಿಲ್ಲದೆ ಸಾರಜನಕ ಅರಗುವುದಿಲ್ಲ. ವಾರಗಟ್ಟಲೆ ಮೋಡ ಮುಸುಕಿದಾಗ ಯೂರಿಯಾ ಸುರಿದರೆ ಪ್ರೋಟೀನಾಗದ ಅಮೈನೋ ಆಮ್ಲ ರಸದಲ್ಲೇ ಉಳಿಯುತ್ತದೆ, ಎಲೆ ಮೆದುವಾಗಿ ಬಾಗುತ್ತದೆ. ಆ ರಸಕ್ಕೆ ಕಂದು ಜಿಗಿಹುಳು ಬರುತ್ತದೆ, ಮೆದು ಎಲೆಗೆ ಬೆಂಕಿರೋಗ ತಗಲುತ್ತದೆ. ಯೂರಿಯಾಕ್ಕೆ ಕೊಟ್ಟ ದುಡ್ಡಿನ ಬೆನ್ನಿಗೇ ಔಷಧಿಯ ದುಡ್ಡೂ ಹೋಗುತ್ತದೆ.

ಅರಗಿದ ಸಾರಜನಕದ ದೊಡ್ಡ ಪಾಲು ಎಲೆಯಲ್ಲಿ ಬೆಳಕನ್ನು ಅನ್ನವಾಗಿಸುವ ಪ್ರೋಟೀನುಗಳಿಗೆ ಹೋಗುತ್ತದೆ. ಹಸಿರಿನ ಕಣವಾದ ಕ್ಲೋರೋಫಿಲ್ಲಿನ ಒಂದೊಂದು ಅಣುವಿನಲ್ಲೂ ನಾಲ್ಕು ಸಾರಜನಕ ಪರಮಾಣುಗಳಿವೆ. ಸಾರಜನಕ ಕೊರತೆಯಾದಾಗ ಎಲೆ ಬಿಳಿಚಿಕೊಳ್ಳುವುದು ಇದಕ್ಕೇ. ಮೊದಲು ಬಿಳಿಚುವುದು ಬುಡದ ಹಳೆಯ ಎಲೆ. ಗಿಡ ಅಲ್ಲಿನ ಪ್ರೋಟೀನನ್ನು ಕರಗಿಸಿ ಎಳೆಯ ಎಲೆಗೆ ಸಾಗಿಸುತ್ತದೆ. ಹೂ ಬಿಟ್ಟ ಮೇಲೂ ಇದೇ ಕ್ರಮ: ಕಾಳಿಗೆ ಸೇರುವ ಸಾರಜನಕದ ಬಹುಪಾಲು ಆ ಹೊತ್ತಿಗಾಗಲೇ ಎಲೆ, ಕಾಂಡದಲ್ಲಿ ಕೂಡಿಟ್ಟದ್ದು. ಹಾಗಾಗಿ ಪೈರು ಉಣ್ಣುವ ಕಾಲ ತೆಂಡೆ ಒಡೆಯುವಾಗ ಮತ್ತು ಗರ್ಭ ಕಟ್ಟುವಾಗ. ತೆನೆ ಹೊರಬಿದ್ದ ಮೇಲೆ ಹಾಕಿದ ಯೂರಿಯಾ ಕಾಳನ್ನು ಹೆಚ್ಚಿಸುವುದಿಲ್ಲ. ಪೈರು ಮಲಗುವುದಕ್ಕೂ ಜೊಳ್ಳಿಗೂ ಕಾರಣವಾಗುತ್ತದೆ.

ತುಮಕೂರು, ಕೋಲಾರದ ರಾಗಿ ಹೊಲಗಳಲ್ಲಿ ನಡುನಡುವೆ ಅಲಸಂದೆಯಂಥ ದ್ವಿದಳ ಬೆಳೆಯ ಅಕ್ಕಡಿ ಸಾಲು ಇಡುತ್ತಿದ್ದ ಹಿರಿಯರನ್ನು ನಾನು ನೆನೆಯುವುದು ಇಲ್ಲೇ. ಒಂದೂವರೆ ತಿಂಗಳ ಅಲಸಂದೆ ಗಿಡವನ್ನು ಮಣ್ಣು ಸಮೇತ ಎಬ್ಬಿಸಿ ಬೇರು ತೊಳೆಯಿರಿ. ಸಾಸಿವೆಯಿಂದ ಕಡಲೆಯಷ್ಟು ದಪ್ಪದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಂಧುವೇ ಆದ ಪ್ರೋಟೀನಿನ ಬಣ್ಣವದು. ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಒಡೆಯುವಾಗ ಅಡ್ಡಬರುವ ಆಮ್ಲಜನಕವನ್ನು ಅದು ಹಿಡಿದಿಡುತ್ತದೆ. ಕೆಂಪು ಕಂಡರೆ ಗಂಟು ಕೆಲಸದಲ್ಲಿದೆ ಎಂದರ್ಥ. ಯೂರಿಯಾ ಧಾರಾಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಗಾಳಿಯ ಸಾರಜನಕವನ್ನು ಒಡೆಯುವ ಅದೇ ಕೆಲಸವನ್ನು ಪ್ರಯೋಗಾಲಯದಲ್ಲಿ ಮಾಡುವುದನ್ನು ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿಕೊಟ್ಟ; ಕಾರ್ಲ್ ಬಾಷ್ 1913ರಲ್ಲಿ ಜರ್ಮನಿಯ ಒಪ್ಪೌ ಕಾರ್ಖಾನೆಯಲ್ಲಿ ಅದನ್ನು ದೊಡ್ಡದಾಗಿ ನಡೆಸಿದ. ಯೂರಿಯಾದ ಸಾರಜನಕ ಬರುವುದೂ ಅಲ್ಲಿಂದಲೇ; ಅದಿಲ್ಲದೆ ಇಂದಿನ ಜನಸಂಖ್ಯೆಗೆ ಸಾಲುವಷ್ಟು ಅನ್ನವಿಲ್ಲ. ಯೂರಿಯಾವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಚೀಲಕ್ಕೆ 266 ರೂಪಾಯಿ ಆಸುಪಾಸಿನಲ್ಲಿ ಸಿಗುವ ಯೂರಿಯಾಕ್ಕೂ ಸಾವಿರ ರೂಪಾಯಿ ದಾಟಿದ ಡಿಎಪಿಗೂ ಇರುವ ಅಂತರ ನಮ್ಮ ಕೈಯನ್ನು ಒಂದೇ ಕಡೆಗೆ ಎಳೆಯುತ್ತಿದೆ. 2015ರಲ್ಲಿ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆ ಲೇಪ ಕಡ್ಡಾಯವಾದದ್ದರಿಂದ ನೈಟ್ರೇಟ್ ಆಗುವ ವೇಗ ತಗ್ಗಿದೆ. ಆದರೂ ಎರಚುವ ಕೈ ನಮ್ಮದೇ ತಾನೆ.

ಈ ಮುಂಗಾರಿನಲ್ಲಿ ಒಂದು ಸಣ್ಣ ಪ್ರಯತ್ನ ಮಾಡಿ. ಎಲೆಬಣ್ಣದ ಪಟ್ಟಿ ಎಂಬ ಪ್ಲಾಸ್ಟಿಕ್ ತುಂಡು ಇದೆ, ಹಸಿರಿನ ನಾಲ್ಕಾರು ಛಾಯೆಗಳಿರುವಂಥದ್ದು. ನಾಟಿಯಾದ ಎರಡು ವಾರದಿಂದ ವಾರಕ್ಕೊಮ್ಮೆ ಬೆಳಿಗ್ಗೆ ಹತ್ತು ಗುಣಿಗಳಲ್ಲಿ ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯನ್ನು, ನಿಮ್ಮ ಮೈ ನೆರಳಿನಲ್ಲೇ, ಕೀಳದೆ ಅದರ ಪಕ್ಕ ಹಿಡಿದು ನೋಡಿ. ಆರು ಅಥವಾ ಹೆಚ್ಚು ಎಲೆ ನಾಲ್ಕನೇ ಬಣ್ಣಕ್ಕಿಂತ ತಿಳಿಯಾಗಿದ್ದರೆ ಮಾತ್ರ ಗದ್ದೆಯ ನೀರು ಬಸಿದು ಒಂದು ಕಂತು ಯೂರಿಯಾ ಕೊಡಿ, ಒಂದು ದಿನ ಬಿಟ್ಟು ನೀರು ಕಟ್ಟಿ. ಹಾಗಿಲ್ಲದಿದ್ದರೆ ಚೀಲ ಮನೆಯಲ್ಲೇ ಇರಲಿ, ಮುಂದಿನ ವಾರ ಮತ್ತೆ ನೋಡಿ.