ಎಂಜಿನ್ ಮುಂದಿರಬೇಕೋ, ಹಿಂದಿರಬೇಕೋ?

ಅಮೆರಿಕದ ಅನೇಕ ಊರುಗಳಲ್ಲಿ ಭಾನುವಾರ ಬೆಳಿಗ್ಗೆ ಒಂದು ವಿಚಿತ್ರ ಸಂತೆ ನೆರೆಯುತ್ತದೆ. ಅಂಗಡಿಗಳು ಬಾಗಿಲು ತೆರೆಯುವ ಮುನ್ನವೇ ಅವುಗಳ ಮುಂದಿನ ಖಾಲಿ ಜಾಗಕ್ಕೆ, ತೊಳೆದು ಒರೆಸಿ ಮಿರಮಿರ ಮಿಂಚುವ ಕಾರುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಅಲ್ಲಿ ಯಾರೂ ಕೊಳ್ಳಲು ಬಂದವರಲ್ಲ, ಮಾರಲು ಬಂದವರೂ ಅಲ್ಲ. ಕೈಯಲ್ಲೊಂದು ಕಾಫಿ ಲೋಟ, ಬಾಯ್ತುಂಬ ಕಾರಿನ ಮಾತು. ಬಿಸಿಲೇರುವ ಹೊತ್ತಿಗೆ ಸಂತೆ ಚದುರುತ್ತದೆ. ಆದರೆ ಅಲ್ಲಿ ಶುರುವಾದ ವಾದ ಮಾತ್ರ ಮುಂದಿನ ಭಾನುವಾರಕ್ಕೆ ಬಾಕಿ ಉಳಿಯುತ್ತದೆ!

ಆ ವಾದಗಳಲ್ಲಿ ಬಹಳ ಹಳೆಯದೊಂದಿದೆ: ಪೋರ್ಷೆ 911 ಮೇಲೋ, ಷೆವ್ರೊಲೆ ಕಾರ್ವೆಟ್ ಮೇಲೋ? ಮೊದಲನೆಯದು ಜರ್ಮನಿಯದು, ಎರಡನೆಯದು ಅಮೆರಿಕದ್ದು. ಎರಡೂ ಓಟದ ಕಣದಲ್ಲಿ ಹೆಸರು ಮಾಡಿದವು, ಎರಡೂ ದಿನನಿತ್ಯದ ರಸ್ತೆಯಲ್ಲಿ ಓಡುವಂಥವು. ಒಂದು ಕಾಲದಲ್ಲಿ ಅಂಬಾಸಡರ್ ಗಟ್ಟಿಯೋ ಫಿಯೆಟ್ ಗಟ್ಟಿಯೋ ಎಂದು ಜಗಲಿಯ ಮೇಲೆ ಕುಳಿತು ಜಗಳವಾಡಿದ ನಮ್ಮ ಹಿರಿಯರಿಗೆ ಈ ವಾದದ ಧಾಟಿ ಅಪರಿಚಿತವೇನಲ್ಲ.

ಸಾಕುವವರ ಲೆಕ್ಕ

ಕೊಳ್ಳುವುದು ಒಂದು, ಸಾಕುವುದು ಇನ್ನೊಂದು ಎಂಬ ಮಾತು ಆನೆಗೆ ಎಷ್ಟು ನಿಜವೋ ಇಂಥ ಕಾರುಗಳಿಗೂ ಅಷ್ಟೇ ನಿಜ. ಕಾರ್ವೆಟ್ ಪಕ್ಷದವರು ಮೊದಲು ಎತ್ತುವುದು ಬೆಲೆಯ ಮಾತನ್ನೇ. 2020ರ ಕಾರ್ವೆಟ್‌ನ ಆರಂಭಿಕ ಬೆಲೆ ಅಮೆರಿಕದಲ್ಲಿ 60 ಸಾವಿರ ಡಾಲರ್‌ಗೆ ಐದೇ ಡಾಲರ್ ಕಡಿಮೆ ಇತ್ತು. ಅದೇ ವರ್ಷದ 911 ಕ್ಯಾರೆರಾದ ಬೆಲೆ 97 ಸಾವಿರ ಡಾಲರ್ ದಾಟಿತ್ತು. ಶಕ್ತಿಯನ್ನು ನೋಡಿದರೆ, ಕಾರ್ವೆಟ್‌ನ 6.2 ಲೀಟರ್‌ನ ಎಂಟು ಸಿಲಿಂಡರ್ ಎಂಜಿನ್ನಿಗೆ 490 ಅಶ್ವಶಕ್ತಿ. ಕ್ಯಾರೆರಾದ 3 ಲೀಟರ್‌ನ ಆರು ಸಿಲಿಂಡರ್ ಟರ್ಬೊ ಎಂಜಿನ್ನಿಗೆ 379. ಕಡಿಮೆ ದುಡ್ಡಿಗೆ ಹೆಚ್ಚು ಕುದುರೆ ಸಿಗುವಾಗ ಹೆಸರಿಗಾಗಿ ಏಕೆ ಹಣ ಸುರಿಯಬೇಕು ಎಂಬುದು ಇವರ ಪ್ರಶ್ನೆ. ಹಳೆಯ ಕಾರ್ವೆಟ್ ಕೆಟ್ಟರೆ ಊರಿನ ಸಾಮಾನ್ಯ ಮೆಕ್ಯಾನಿಕ್ ಕೂಡ ಕೈ ಹಾಕಬಲ್ಲ, ಬಿಡಿಭಾಗ ಎಲ್ಲೆಡೆ ಸಿಗುತ್ತದೆ ಎಂಬುದು ಇವರ ಎರಡನೇ ಅಸ್ತ್ರ.

911ರ ಕಡೆಯವರೂ ಸುಮ್ಮನಿರುವುದಿಲ್ಲ. ಕುದುರೆ ಎಣಿಸಿ ಕಾರು ಕೊಳ್ಳುವುದು ಪುಟ ಎಣಿಸಿ ಪುಸ್ತಕ ಕೊಂಡಂತೆ ಎಂಬ ಧಾಟಿ ಅವರದು. ತಮ್ಮ ಕಾರಿನಲ್ಲಿ ಹಿಂದೆ ಎರಡು ಪುಟ್ಟ ಸೀಟುಗಳಿವೆ, ಮಕ್ಕಳನ್ನು ಶಾಲೆಗೆ ಬಿಟ್ಟು ಹಾಗೆಯೇ ಕಚೇರಿಗೆ ಹೋಗಬಹುದು. ಕಾರ್ವೆಟ್‌ನಲ್ಲಿ ಇಬ್ಬರಿಗಷ್ಟೇ ಜಾಗ ಎನ್ನುತ್ತಾರೆ. ಹತ್ತು ವರ್ಷ ಓಡಿಸಿ ಮಾರಿದರೂ ಹಾಕಿದ ದುಡ್ಡಿನಲ್ಲಿ ಒಳ್ಳೆಯ ಪಾಲು ಹಿಂದಕ್ಕೆ ಬರುತ್ತದೆ ಎಂದೂ ಸೇರಿಸುತ್ತಾರೆ.

ಇವೆಲ್ಲ ಜೇಬಿನ ಮಾತಾಯಿತು. ವಾದ ನಿಜವಾಗಿ ಕಾವೇರುವುದು ಎಂಜಿನ್ನಿನ ಜಾಗಕ್ಕೆ ಬಂದಾಗ.

ಗಾಡಿಯ ಹೇರಿನ ಪಾಠ

ಕಾರಿನ ಭಾರವಾದ ಭಾಗಗಳಲ್ಲಿ ಎಂಜಿನ್ ಮುಖ್ಯವಾದುದು. ಅದು ಎಲ್ಲಿರಬೇಕು? ಎತ್ತಿನ ಗಾಡಿಗೆ ಹೇರು ಹಾಕಿದ ರೈತನಿಗೆ ಈ ಪ್ರಶ್ನೆಯ ಮಹತ್ವ ತಟ್ಟನೆ ತಿಳಿಯುತ್ತದೆ. ಭಾರ ಹಿಂದಾದರೆ ನೊಗ ಮೇಲಕ್ಕೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ, ಮುಂದಾದರೆ ಹೆಗಲು ಕುಸಿಯುತ್ತದೆ. ಭಾರ ಅಚ್ಚಿನ ಆಸುಪಾಸಿನಲ್ಲೇ ಕೂರಬೇಕು.

ಕಾರ್ವೆಟ್‌ನಲ್ಲಿ 2019ರ ಮಾದರಿಯವರೆಗೂ ಎಂಜಿನ್ ಚಾಲಕನ ಮುಂದಿತ್ತು, ಎಳೆಯುವ ಕೆಲಸ ಹಿಂದಿನ ಚಕ್ರಗಳದಾಗಿತ್ತು. ನಮ್ಮ ಅಂಬಾಸಡರ್‌ನದೂ ಇದೇ ಕ್ರಮ. ಇದರಲ್ಲಿ ಕಾರಿನ ನಡೆ ಅಂದಾಜಿಗೆ ಸಿಗುತ್ತದೆ. ಆದರೆ ಎಳೆಯುವ ಚಕ್ರಗಳ ಮೇಲೆ ಭಾರ ಸಾಲದಿದ್ದರೆ, ಒಮ್ಮೆಲೇ ಆಕ್ಸಿಲರೇಟರ್ ತುಳಿದಾಗ ಅವು ನಿಂತಲ್ಲೇ ಗಿರ್ರನೆ ಸುತ್ತುತ್ತವೆ.

911ರಲ್ಲಿ ಎಂಜಿನ್ ಇರುವುದು ಹಿಂದಿನ ಅಚ್ಚಿಗಿಂತಲೂ ಹಿಂದೆ. ಒಟ್ಟು ಭಾರದ ಸುಮಾರು ಶೇಕಡಾ 60ರಷ್ಟು ಹಿಂದಿನ ಚಕ್ರಗಳ ಮೇಲೆ ಕೂರುತ್ತದೆ. ಹೀಗಾಗಿ ಹೊರಡುವಾಗ ನೆಲ ಬಿಗಿಯಾಗಿ ಹಿಡಿಯುತ್ತದೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ನಾಲ್ಕೂ ಚಕ್ರಗಳು ನಿಲ್ಲಿಸುವ ಕೆಲಸವನ್ನು ಹಂಚಿಕೊಳ್ಳುತ್ತವೆ. ಆದರೆ ತಿರುವಿನಲ್ಲಿ? ಅತಿ ವೇಗದಲ್ಲಿ ತಿರುಗುತ್ತಿರುವಾಗ ಚಾಲಕ ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ಹಿಂಭಾಗದ ಭಾರ ಗಡಿಯಾರದ ಲೋಲಕದಂತೆ ಹೊರಕ್ಕೆ ಬೀಸುತ್ತದೆ. ಕಾರು ಬುಗುರಿಯಾಗುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ಮೊದಮೊದಲ 911ಗಳಲ್ಲಿ ಈ ಗುಣವನ್ನು ತಗ್ಗಿಸಲು ಮುಂದಿನ ಬಂಪರ್ ಒಳಗೆ ಕಬ್ಬಿಣದ ತೂಕ ಇಟ್ಟದ್ದುಂಟು. 1969ರ ಮಾದರಿಯಲ್ಲಿ ಹಿಂದಿನ ಮತ್ತು ಮುಂದಿನ ಚಕ್ರಗಳ ನಡುವಿನ ಅಂತರವನ್ನು 57 ಮಿಲಿಮೀಟರ್ ಹೆಚ್ಚಿಸಲಾಯಿತು. 1975ರಲ್ಲಿ 260 ಅಶ್ವಶಕ್ತಿಯ ಟರ್ಬೊ ಮಾದರಿ ರಸ್ತೆಗಿಳಿದಾಗ ಅದಕ್ಕೆ 'ವಿಧವೆಯರನ್ನು ಮಾಡುವ ಕಾರು' ಎಂಬ ಕರಾಳ ಅಡ್ಡಹೆಸರೇ ಅಂಟಿತು. ಕಾರಿನ ಗುಣ ತಿಳಿಯದೆ ಅದರ ಶಕ್ತಿಯನ್ನಷ್ಟೇ ನೆಚ್ಚಿದವರು ತೆತ್ತ ಬೆಲೆ ಆ ಹೆಸರಿನಲ್ಲಿದೆ.

ಬೇಲಿಯ ಆಚೆಗಿನ ಗೆಳೆಯ

ಅಭಿಮಾನಿಗಳು ತಂತಮ್ಮ ಕಾರಿನ ಎಂಜಿನ್ ಇರುವ ಜಾಗವೇ ಸರಿ ಎಂದು ಎದೆ ತಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ, ಆ ಕಾರುಗಳನ್ನು ಕಟ್ಟಿದವರೇನು ಮಾಡುತ್ತಿದ್ದರು? ಕಥೆಯ ಸ್ವಾರಸ್ಯ ಇರುವುದು ಇಲ್ಲೇ.

ಕಾರ್ವೆಟ್ ಮೊದಲು ಕಾಣಿಸಿಕೊಂಡದ್ದು 1953ರ ಜನವರಿಯಲ್ಲಿ, ನ್ಯೂಯಾರ್ಕಿನ ಒಂದು ಪ್ರದರ್ಶನದಲ್ಲಿ. ಆ ವರ್ಷ ತಯಾರಾದದ್ದು ಮುನ್ನೂರೇ ಕಾರು. ನೋಡಲು ಸೊಗಸು, ಓಟದಲ್ಲಿ ಸಪ್ಪೆ. ಗೇರ್ ಬದಲಿಸುವ ಸುಖ ಹೋಯಿತಲ್ಲ ಎಂದು ಇಂದು ಹಳಹಳಿಸುವ ಕಾರ್ವೆಟ್ ಪ್ರಿಯರಿಗೆ ನೆನಪಿಸಬೇಕಾದ ಸಂಗತಿಯೆಂದರೆ, ಆ ಮೊದಲ ಕಾರ್ವೆಟ್‌ಗೆ ಇದ್ದದ್ದು ತಾನಾಗಿ ಬದಲಾಗುವ ಎರಡೇ ಗೇರ್! 1955ರಲ್ಲಿ ಮಾರಾಟಕ್ಕೆ ತಯಾರಾದದ್ದು 700 ಕಾರು. ಅದೇ ವರ್ಷ ಪ್ರತಿಸ್ಪರ್ಧಿ ಫೋರ್ಡ್ ತನ್ನ ಥಂಡರ್‌ಬರ್ಡ್ ಕಾರನ್ನು 16 ಸಾವಿರಕ್ಕೂ ಮೇಲೆ ಮಾರಿತು. ಕಾರ್ವೆಟ್ ಅಲ್ಲಿಗೇ ಮುಗಿಯಬೇಕಿತ್ತು.

ಅದು ಮುಗಿಯದಂತೆ ನೋಡಿಕೊಂಡವರಲ್ಲಿ ಪ್ರಮುಖರು ಜೋರಾ ಆರ್ಕಸ್-ಡಂಟೋವ್ ಎಂಬ ಎಂಜಿನಿಯರ್. ರಷ್ಯನ್ ತಂದೆತಾಯಿಗಳಿಗೆ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 1909ರಲ್ಲಿ ಹುಟ್ಟಿದ ಈತ ಓದಿದ್ದು ಬರ್ಲಿನ್ನಿನಲ್ಲಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಯೂರೋಪಿನಿಂದ ಪಾರಾಗಿ ಅಮೆರಿಕ ಸೇರಿದರು. ನ್ಯೂಯಾರ್ಕಿನಲ್ಲಿ ಕಾರ್ವೆಟ್ ಕಂಡು ಮನಸೋತು, ಅದನ್ನು ತಯಾರಿಸುವ ಜನರಲ್ ಮೋಟಾರ್ಸ್ ಕಂಪೆನಿಗೆ ಪತ್ರ ಬರೆದು ಕೆಲಸಕ್ಕೆ ಸೇರಿದರು. ಕಾರ್ವೆಟ್ ಓಟದ ಕಾರೆಂದು ಹೆಸರು ಪಡೆದದ್ದು ಇವರಿಂದ.

ಇದೇ ಡಂಟೋವ್ 1954 ಮತ್ತು 1955ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟದಲ್ಲಿ ತಮ್ಮ ವರ್ಗದಲ್ಲಿ ಗೆದ್ದರು. ಯಾವ ಕಾರಿನಲ್ಲಿ? ಪೋರ್ಷೆಯಲ್ಲಿ! ಅವರು ಓಡಿಸಿದ ಪೋರ್ಷೆ 550ರಲ್ಲಿ ಎಂಜಿನ್ ಇದ್ದದ್ದು ಚಾಲಕನ ಬೆನ್ನ ಹಿಂದೆ, ಹಿಂದಿನ ಅಚ್ಚಿಗಿಂತ ಮುಂದೆ, ಅಂದರೆ ಕಾರಿನ ನಡುವೆ. ಕಾರ್ವೆಟ್‌ನ ಎಂಜಿನ್ನನ್ನೂ ಅಲ್ಲಿಗೇ ತರಬೇಕೆಂಬ ಹಂಬಲ ಡಂಟೋವ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1960ರ ದಶಕದಿಂದಲೇ ಅಂಥ ಪ್ರಾಯೋಗಿಕ ಕಾರುಗಳನ್ನು ಕಟ್ಟಿ ತೋರಿಸಿದರು. ಕಂಪೆನಿ ಒಪ್ಪಲಿಲ್ಲ. 1975ರಲ್ಲಿ ನಿವೃತ್ತರಾದರು, 1996ರಲ್ಲಿ ತೀರಿಕೊಂಡರು. ಕಾರ್ವೆಟ್‌ನ ಎಂಜಿನ್ ಆಗಲೂ ಮುಂದೆಯೇ ಇತ್ತು.

ಗೋಡೆಗೆ ಏರಿದ ಗೆರೆ

ಅತ್ತ ಜರ್ಮನಿಯಲ್ಲಿ ನಡೆದದ್ದು ಇದರ ತಿರುಗುಮುರುಗು. 911 ಮೊದಲು ಪ್ರದರ್ಶನಗೊಂಡದ್ದು 1963ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ. ಆಗ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರು ತನ್ನದೆಂದು ಫ್ರಾನ್ಸಿನ ಪೂಜೋ ಕಂಪೆನಿ ತಕರಾರು ತೆಗೆದದ್ದರಿಂದ ಅದು 911 ಆಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, ಹಿಂದೆ ಎಂಜಿನ್ ಇಡುವ ಕಾಲ ಮುಗಿಯಿತು ಎಂದು ಪೋರ್ಷೆಯ ಹಿರಿಯರಿಗೇ ಅನ್ನಿಸತೊಡಗಿತ್ತು. 1977ರಲ್ಲಿ ಅವರು ತಂದ 928ರಲ್ಲಿ ಮುಂದೆ ಎಂಜಿನ್, ಅದರಲ್ಲಿ ಎಂಟು ಸಿಲಿಂಡರ್. ಹಾಗೆ ನೋಡಿದರೆ ಕಾರ್ವೆಟ್‌ನ ಜಾಡೇ! 911ನ್ನು ಮೆಲ್ಲಗೆ ನಿಲ್ಲಿಸುವುದೆಂದು ನಿರ್ಧಾರವೂ ಆಗಿತ್ತು.

1981ರಲ್ಲಿ ಕಂಪೆನಿಯ ಮುಖ್ಯಸ್ಥರಾಗಿ ಬಂದವರು ಪೀಟರ್ ಷುಟ್ಜ್. ಬರ್ಲಿನ್ನಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ನಾಜಿಗಳ ಕಾಟಕ್ಕೆ ದೇಶ ಬಿಟ್ಟ ಕುಟುಂಬದೊಂದಿಗೆ ಅಮೆರಿಕಕ್ಕೆ ಹೋಗಿ ಅಲ್ಲೇ ಎಂಜಿನಿಯರ್ ಆದವರು. ಅವರೇ ಹೇಳಿಕೊಂಡಂತೆ, ಎಂಜಿನಿಯರ್ ಹೆಲ್ಮುತ್ ಬಾಟ್ ಅವರ ಕೋಣೆಯ ಗೋಡೆಯ ಮೇಲೆ ಒಂದು ನಕ್ಷೆ ಇತ್ತು. ಬೇರೆ ಕಾರುಗಳ ಗೆರೆಗಳು ಮುಂದಿನ ವರ್ಷಗಳಿಗೆ ಸಾಗಿದ್ದವು, 911ರ ಗೆರೆ 1981ಕ್ಕೇ ನಿಂತಿತ್ತು. ಷುಟ್ಜ್ ಒಂದು ಮಾರ್ಕರ್ ತೆಗೆದುಕೊಂಡು ಆ ಗೆರೆಯನ್ನು ಎಳೆಯುತ್ತ ಹೋದರು. ನಕ್ಷೆ ಮುಗಿಯಿತು, ಗೆರೆ ಗೋಡೆಗೆ ಏರಿತು, ಬಾಗಿಲಿನಾಚೆಗೂ ಹೋಯಿತು. ಬಾಟ್ ಅವರಿಗೆ ಬೇರೆ ಆಜ್ಞೆ ಬೇಕಾಗಲಿಲ್ಲ.

928 ನಿಂತದ್ದು 1995ರಲ್ಲಿ. 911 ಮಾತ್ರ 2017ರ ಮೇ ತಿಂಗಳಲ್ಲಿ ಹತ್ತು ಲಕ್ಷ ಮುಟ್ಟಿತು. ಬರ್ಲಿನ್ನಿನಲ್ಲಿ ಓದಿದವನಿಂದ ಅಮೆರಿಕದ ಕಾರು ಬಾಳಿತು, ಅಮೆರಿಕದಲ್ಲಿ ಬೆಳೆದವನಿಂದ ಜರ್ಮನಿಯ ಕಾರು ಉಳಿಯಿತು. ಭಾನುವಾರದ ಸಂತೆಯಲ್ಲಿ ದೇಶದ ಹೆಸರೆತ್ತಿ ವಾದಿಸುವವರು ಇದನ್ನು ನೆನೆಯುವುದು ಕಡಿಮೆ.

ಗೇಣುದ್ದದ ಜಗಳ

ಡಂಟೋವ್ ಕಂಡ ಕನಸು ಕೈಗೂಡಿದ್ದು 2019ರ ಜುಲೈ 18ರಂದು. ಅಂದು ಬಿಡುಗಡೆಯಾದ ಕಾರ್ವೆಟ್‌ನಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದೆ ಬಂದಿತ್ತು. ಅವರು ತೀರಿಕೊಂಡು 23 ವರ್ಷವಾಗಿತ್ತು. ಅವರ ಚಿತಾಭಸ್ಮ ಇರುವುದು ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಪಟ್ಟಣದ ಕಾರ್ವೆಟ್ ಸಂಗ್ರಹಾಲಯದಲ್ಲಿ. ಕಾರ್ವೆಟ್ ತಯಾರಾಗುವ ಕಾರ್ಖಾನೆ ಇರುವುದೂ ಅದೇ ಪಟ್ಟಣದಲ್ಲಿ.

ಈ ಹೊಸ ಕಾರ್ವೆಟ್‌ನ ಭಾರದಲ್ಲಿ ಹಿಂದಿನ ಚಕ್ರಗಳ ಪಾಲು ಶೇಕಡಾ 60ರ ಹತ್ತಿರ, ಹೆಚ್ಚು ಕಡಿಮೆ 911ರಷ್ಟೇ! ಅತ್ತ ಪೋರ್ಷೆಯವರು 2017ರಲ್ಲಿ ತಮ್ಮ ಓಟದ ಕಣದ 911 ಆರ್‌ಎಸ್‌ಆರ್ ಕಾರಿನಲ್ಲಿ ಎಂಜಿನ್ನನ್ನು ಅಚ್ಚಿನ ಹಿಂದಿನಿಂದ ಮುಂದಕ್ಕೆ ಸರಿಸಿದ್ದರು. ರಸ್ತೆಯ 911ರಲ್ಲಿ ಮಾತ್ರ ಅದು ಹಳೆಯ ಜಾಗ ಬಿಟ್ಟು ಕದಲಲಿಲ್ಲ.

ಹಾಗಾದರೆ ವಾದ ಮುಗಿಯಿತೇ? ಎಲ್ಲಿಯ ಮಾತು! ಎಂಜಿನ್ ಅಚ್ಚಿನ ಮುಂದಿರಬೇಕೋ ಹಿಂದಿರಬೇಕೋ ಎಂಬ ಗೇಣುದ್ದದ ಅಂತರಕ್ಕೆ ಜಗಳ ಇಳಿದಿದೆ, ಅಷ್ಟೇ. ಅಪ್ಪನ ಕೈಹಿಡಿದು ಆ ಸಂತೆಗೆ ಬಂದ ಹುಡುಗನೊಬ್ಬ ಎರಡೂ ಕಾರುಗಳ ಮುಂದಿನ ಬಾನೆಟ್ ಎತ್ತಿ ತೋರಿಸಿ ಎಂದು ಕೇಳಿದರೆ, ಈಗ ಎರಡರಲ್ಲೂ ಅವನಿಗೆ ಕಾಣುವುದು ಒಂದೇ: ಪೆಟ್ಟಿಗೆ ಇಡುವ ಖಾಲಿ ಜಾಗ.